ಎಲೆ ಎತ್ತುವ ಮುನ್ನ

ಕೊಪ್ಪ, ಸೋಮವಾರ

ಶಾಂಭವಿ ಮೇಡಂ,

ನಮ್ಮ ರೂಟರ್ ನಿಂತು ಆಸ್ಪತ್ರೆಯ ಫೋನ್ ಕಟ್ಟಾಗಲು ನಾನು ಬರೆದ ಕೋಡೇ ಕಾರಣ. ಕನೆಕ್ಷನ್ ಮುಗಿಯಿತೆಂದು ಅದರ ಮೆಮೊರಿ ಬಿಟ್ಟುಕೊಟ್ಟೆ. ಆ ಜಾಗದ ಹಳೆಯ ವಿಳಾಸವನ್ನು ಇನ್ನೂ ಹಿಡಿದಿದ್ದ ಟೈಮರ್ ಬಂದು ಮುಟ್ಟಿದಾಗ ಅಲ್ಲಿ ಬೇರೆ ಮಾಹಿತಿ ಇತ್ತು, ರೂಟರ್ ಕುಸಿಯಿತು.

ಹಿಂದೆ ಮದುವೆಮನೆಗಳಲ್ಲಿ ಊಟ ಬಡಿಸಲು ಹೋಗುತ್ತಿದ್ದಾಗಲೂ ಇದೇ ತಪ್ಪು ಮಾಡಿದ್ದೆ. ನೆಮ್ಮಾರಿನಲ್ಲಿ ಅಜ್ಜಿಯೊಬ್ಬರು ನೀರು ಕುಡಿಯಲು ತಿರುಗಿದಾಗ ಎಲೆ ಎತ್ತಿಬಿಟ್ಟೆ. ಅವರ ಕೈ ಬರಿನೆಲ ಮುಟ್ಟಿತು. "ಎಂತ ಅವಸರ ಮಾಣಿ? ಪಾಯಸ ಬರೋದಿತ್ತಲ" ಎಂದು ನಕ್ಕು ಎದ್ದರು. ಹೊಸ ಎಲೆ ಹಾಕಿದರೂ ಕೂರಲಿಲ್ಲ.

ಇದನ್ನು ತಿದ್ದುವ ಹೊಸ ಪ್ಯಾಚ್‌ನಲ್ಲಿ ವಿಳಾಸ ಹಿಡಿದವರೆಲ್ಲ ಬಿಟ್ಟ ಮೇಲೆಯೇ ಮೆಮೊರಿ ಬಿಡುಗಡೆ. ನಿಧಾನ ಎಂದಿರಿ, ಹೌದು. ಪಾಯಸವೂ ನಿಧಾನವಾಗಿಯೇ ಬರುವುದು. ದಯವಿಟ್ಟು ನಾಳೆಯ ರಿಲೀಸ್‌ಗೆ ಸೇರಿಸಿ. ನನ್ನನ್ನು ಕೆಲಸದಿಂದ ತೆಗೆಯುವುದಿದ್ದರೆ ಆಮೇಲೆ ತೆಗೆಯಿರಿ. ಅಲ್ಲಿಯವರೆಗೆ ನನ್ನ ಎಲೆ ಎತ್ತಬೇಡಿ.

ಇಂತಿ,
ವಿಘ್ನೇಶ