ಬಾಗಿಲ ಒಳಗೆ ಕೂತ ಗುಮಾಸ್ತ

ಪೈಸಾಂಡೂ, ಶುಕ್ರವಾರ, ಮಾರ್ಚ್ ೧೪

ಪ್ರೀತಿಯ ಮಿರ್ತಾ,

ಅತ್ತೆಯ ಸೊಂಟ ಹೇಗಿದೆ? ಕೋಲು ಹಿಡಿಯಲು ಒಪ್ಪಿದರೋ, ಇಲ್ಲ ಇನ್ನೂ ಗೋಡೆಯನ್ನೇ ನಂಬಿದ್ದಾರೋ? ಅವರ ಚಾಕರಿಯಲ್ಲಿ ನೀನು ಊಟ ಬಿಡಬೇಡ, ಮಾರಾಯ್ತಿ. ಕೂತು ಬರೆಯುವ ತಾಳ್ಮೆ ನನಗೆಲ್ಲಿ? ಬಸ್ ಸಹಕಾರ ಸಂಘದ ಹೊರಗೆ ಬೆಂಚಿನ ಮೇಲೆ ಕೂತು ಮೊಬೈಲಿಗೆ ಹೇಳುತ್ತಿದ್ದೇನೆ, ಅದೇ ಬರೆದುಕೊಳ್ಳುತ್ತಿದೆ. ನಡುವೆ ನಾಯಿ ಬೊಗಳಿದ್ದು ಸೇರಿಕೊಂಡರೆ ಅದನ್ನೂ ನನ್ನ ಮಾತೆಂದುಕೊಳ್ಳಬೇಡ.

ವಿಷಯ ನಿನ್ನ ತಂಗಿ ಎಲ್ಮಾಳದು. ಟಿಕೆಟ್ ಕೌಂಟರ್ ಮುಚ್ಚಿ ಅವಳನ್ನು ಮನೆಗೆ ಕಳಿಸುವುದೋ ಬೇಡವೋ ಎಂದು ಸಂಘ ಇವತ್ತು ತೀರ್ಮಾನಿಸುತ್ತದೆ. ಅವಳ ವಿರುದ್ಧ ಸಾಕ್ಷಿ ಯಾವುದು ಗೊತ್ತೇ? ನನ್ನ ಲಾಗ್! ಸಂಘದ ಟಿಕೆಟ್ ವೆಬ್‌ಸೈಟಿಗೆ ಯಾರೇ ಬರಲಿ, ಯಾವಾಗ ಬಂದರು, ಏನು ಕೇಳಿದರು, ಸಿಕ್ಕಿತೋ ಇಲ್ಲವೋ ಎಂದು ಒಂದೊಂದು ಸಾಲು ಗೀಚಿಡುವ, ಲೈಬ್ರರಿ ಎನ್ನುವ ಪುಟ್ಟ ಪ್ರೋಗ್ರಾಮು ಬರೆದೆನಲ್ಲ, ಅದು. ಅದರಲ್ಲಿ ಬರೀ ‘ಸಿಕ್ಕಿತು, ಸಿಕ್ಕಿತು’. ಹೋದ ವಾರ ಅದನ್ನು ನೋಡಿ ಅಧ್ಯಕ್ಷ ಉಬಾಲ್ದೊ, “ಮೊಬೈಲಲ್ಲಿ ಯಾರಿಗೂ ತೊಂದ್ರೆ ಇಲ್ವಲ್ಲಯ್ಯಾ, ಕೌಂಟರ್ ಯಾಕೆ?” ಎಂದ. “ತೊಂದ್ರೆ ಇಲ್ದೇ ಮುದುಕರೆಲ್ಲ ನನ್ನ ಮುಖ ನೋಡೋಕೆ ಬರ್ತಾರಾ? ನಾನೇನು ಸಿನಿಮಾ ನಟೀನಾ, ಭಾವ?” ಎಂದು ಎಲ್ಮಾ ನನ್ನನ್ನೇ ತಿವಿದಳು. ನಾನು ಲಾಗನ್ನು ನಂಬಿದೆ.

ನಿನ್ನೆ ಬೆಳಿಗ್ಗೆ ನಾನೇ ಟಿಕೆಟ್ ಕೊಳ್ಳಹೋಗಿ ಗುರುತಿನ ಸಂಖ್ಯೆ ತಪ್ಪಾಗಿ ಒತ್ತಿದೆ. ಸೈಟು ಹೊರಗೆ ತಳ್ಳಿತು. ಲಾಗ್ ನೋಡಿದರೆ ನಾನು ಬಂದೇ ಇಲ್ಲ! ಆಗ ಹೊಳೆಯಿತು. ಸೈಟು ಮೊದಲು ಗುರುತು ನೋಡಿ, ಆಮೇಲೆ ನನ್ನ ಲೈಬ್ರರಿಯನ್ನು ಕರೆಯುವ ಹಾಗೆ ಜೋಡಿಸಿದ್ದೆ. ಬಾಗಿಲ ಹೊರಗೆ ಕೂರಬೇಕಾದ ಗುಮಾಸ್ತನನ್ನು ಒಳಗೆ ಕೂರಿಸಿದ ಹಾಗೆ. ಬಾಗಿಲಲ್ಲೇ ತಿರುಗಿ ಎಲ್ಮಾಳ ಕೌಂಟರಿಗೆ ಹೋದವರು ಅವನ ಕಣ್ಣಿಗೆ ಬೀಳುವುದೆಲ್ಲಿಂದ? ಲೈಬ್ರರಿಯನ್ನು ಕರೆಯುವ ಆ ಒಂದು ಸಾಲನ್ನು ಮೇಲಕ್ಕೆ ಹಾಕಿದೆ, ಅಷ್ಟೇ. ಸಂಜೆಯೊಳಗೆ ಪರದೆ ತುಂಬ ‘ಒಳಗೆ ಬಿಡಲಿಲ್ಲ, ಬಿಡಲಿಲ್ಲ’. ಪ್ರಿಂಟ್ ತೆಗೆದು ತಂದಿದ್ದೇನೆ. ನಾಚಿಕೆಯೂ ಆಗುತ್ತಿದೆ, ಎದೆ ಹಗುರವೂ ಆಗಿದೆ. ಇಗೋ, ಒಳಗೆ ಕರೆದರು.

ಅತ್ತೆಯ ಕೆನ್ನೆಗೆ ನನ್ನದೊಂದು ಮುತ್ತು, ಮಿಕ್ಕಿದ್ದೆಲ್ಲ ನಿನಗೆ.

ನಿನ್ನ
ವಿಲ್ಮಾರ್

ತಾ.ಕ.: ಕೌಂಟರ್ ಉಳಿಯಿತು! ಮೊದಲು ಕೈ ಎತ್ತಿದವನೇ ಉಬಾಲ್ದೊ. ಹೊರಗೆ ಬಂದು ಎಲ್ಮಾ ಕೇಳಿದಳು, “ಇಷ್ಟು ದಿನ ನಾನು ಇದನ್ನೇ ಬಾಯಲ್ಲಿ ಹೇಳ್ತಿದ್ನಲ್ಲ, ಪ್ರಿಂಟಾಗಿ ಬಂದ್ಮೇಲೇ ನಿಜ ಆಯ್ತಾ, ಭಾವ?” ನಾನು ಪ್ರಿಂಟನ್ನು ಮಡಚಿ ಜೇಬಿಗಿಟ್ಟೆ. ಅವಳು ಸೋರೆಬುರುಡೆಯಲ್ಲಿ ಮಾಟೆ ಕಷಾಯ ತುಂಬಿ ಕೊಟ್ಟಳು. ಮಾಟೆ ಕೊಟ್ಟವರಿಗೆ ಥ್ಯಾಂಕ್ಸ್ ಎಂದರೆ ‘ಇನ್ನು ಸಾಕು’ ಎಂದರ್ಥ ತಾನೇ? ನಾನು ಥ್ಯಾಂಕ್ಸ್ ಎನ್ನದೆ ಕುಡಿದು ಬುರುಡೆ ವಾಪಸು ಕೊಟ್ಟೆ. ಅವಳು ಮತ್ತೆ ತುಂಬಿದಳು.