ದೀರ್ಘ ಬಿಟ್ಟುಹೋದ ಕಡಲು

ಮೇ ೧೧, ಭಾನುವಾರ ಸಂಜೆ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಇವತ್ತು ಬರೆದೇನು, ನಾಳೆ ಬರೆದೇನು ಅಂತ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಅದರ ಮೇಲೆ ನೀರಿನ ಲೋಟ ಇಟ್ಟು, ಲೋಟದ ದುಂಡು ಗುರುತು ನಿನ್ನ ಅಕ್ಷರದ ಮೇಲೆ ಬಿದ್ದದ್ದು ನೋಡಿ ನಾಚಿಕೆಯಾಗಿ ಈಗ ಕೂತಿದ್ದೇನೆ. ಬೈದುಕೋ, ಆದರೆ ಫೋನಿನಲ್ಲಿ ಬೇಡ. ಅಲ್ಲಿ ಅಪ್ಪ ನಿನ್ನ ಪಕ್ಕದಲ್ಲೇ ಕೂತಿರುತ್ತಾರೆ. ಅವರ ವಿಷಯವನ್ನು ಅವರೆದುರಿಗೇ ಮಾತಾಡಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಈ ಕಾಗದ.

ನನಗೇನೂ ಕಾಯಿಲೆಯಿಲ್ಲ, ಸುಸ್ತು ಅಷ್ಟೆ. ಪರೀಕ್ಷೆ ಮುಗಿಯಿತು, ಅದರ ಸುಸ್ತು ಮುಗಿಯಲಿಲ್ಲ. ಹಗಲೆಲ್ಲ ಕಾಲೇಜಿನ ಲೈಬ್ರರಿಯಲ್ಲಿ ರಜೆಯ ಕೆಲಸ: ವಾಪಸು ಬಂದ ಪುಸ್ತಕಗಳ ಧೂಳು ಒರೆಸುವುದು, ಕಿತ್ತುಹೋದ ಬೆನ್ನಿಗೆ ಅಂಟು ಹಚ್ಚುವುದು, ಅವುಗಳ ಜಾಗಕ್ಕೆ ಸೇರಿಸುವುದು. ಸಂಜೆ ರೂಮಿಗೆ ಬಂದರೆ ಗೋಡೆ ಮುಟ್ಟಲಾಗುವುದಿಲ್ಲ, ಅಷ್ಟು ಬಿಸಿ. ಜೊತೆಗಿದ್ದ ಹುಡುಗಿ ಊರಿಗೆ ಹೋಗುವಾಗ ತನ್ನ ಪುಟ್ಟ ಸ್ಪೀಕರ್ ನನಗೆ ಬಿಟ್ಟುಹೋಗಿದ್ದಾಳೆ. ಕಿಟಕಿಗೆ ಒದ್ದೆ ಟವೆಲ್ ಕಟ್ಟಿ, ಬಕೆಟ್ಟಿನ ನೀರಿಗೆ ಕಾಲು ಇಳಿಬಿಟ್ಟು, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಕೂತರೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಈಗ ಅದೊಂದೇ ಸುಖ. ಈ ಸಾಲು ಓದಿ ನೀನು ತುಟಿ ಕಚ್ಚಿಕೊಳ್ಳುತ್ತೀಯ, ಗೊತ್ತು. ನಿನ್ನನ್ನು ಬೆಳಗಿನಿಂದ ಒಂದೇ ಪ್ರಶ್ನೆ ಕೇಳುವವರು ಮನೆಯಲ್ಲಿದ್ದಾರೆ.

ನೀನು ಬರೆದದ್ದು ಇಷ್ಟೇ: ರಜೆ ಮುಗಿಯುವವರೆಗೆ ಬಂದು ಅಪ್ಪನ ಜೊತೆ ಇರು, ನಾನು ಗೆಳತಿಯ ಮನೆಗೆ ಹೋಗಿ ಕಣ್ತುಂಬ ನಿದ್ದೆ ಮಾಡಿ ಬರುತ್ತೇನೆ. ಪುಟ್ಟಿ ಎಲ್ಲಿ, ಪುಟ್ಟಿ ಬಂದಳಾ ಅಂತ ದಿನವೂ ಕೇಳುತ್ತಾರೆ, ನೀನು ಬಂದರೆ ಅರ್ಧ ಸರಿಹೋಗುತ್ತಾರೆ ಅಂತ. ಇದಕ್ಕೆ ಹೂಂ ಅನ್ನಲೂ ಆಗದೆ, ಊಹೂಂ ಅನ್ನಲೂ ಆಗದೆ ಲೈಬ್ರರಿಯ ನೆಪ ಹಿಡಿದು ಕೂತಿದ್ದೆ. ಉತ್ತರ ಇದೆ, ಹೇಳುತ್ತೇನೆ. ಮೊದಲು ಇವತ್ತಿನ ಸಂಜೆಯ ಸುದ್ದಿ ಕೇಳು.

ಈಚೆಗೆ ಒಂದು ಥರದ ಪಿಯಾನೊ ಸಂಗೀತದ ಹುಚ್ಚು ಹಿಡಿದಿದೆ. ಶಾಸ್ತ್ರೀಯವೇ, ಆದರೆ ಆಡಂಬರವಿಲ್ಲ. ಕೆಲವೇ ಸ್ವರಗಳು, ಅವೇ ಮತ್ತೆ ಮತ್ತೆ. ಇದರಲ್ಲಿ ಏನೂ ಆಗುವುದೇ ಇಲ್ಲ ಅಂತ ಬೇಸರ ಬರುವ ಹೊತ್ತಿಗೆ ಒಂದು ಸ್ವರ ಸದ್ದಿಲ್ಲದೆ ಬದಲಾಗಿರುತ್ತದೆ. ಎಲ್ಲಿ ಬದಲಾಯಿತು ಅಂತ ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ. ದಣಿದವರಿಗೆ ಹೇಳಿಮಾಡಿಸಿದ ಹಾಗಿದೆ, ನಮ್ಮಿಂದ ಏನನ್ನೂ ಬೇಡುವುದಿಲ್ಲ.

ಇವತ್ತು ಅದನ್ನು ಹಾಕಿಕೊಂಡು ಓದುತ್ತಿದ್ದಾಗ ಕೆಳಗಿನಿಂದ ಮನೆಯೊಡತಿ ಏದುಸಿರು ಬಿಡುತ್ತ ಹತ್ತಿ ಬಂದರು. ಕೆಳಗೆ ಅವರದು ಹೊಲಿಗೆ ಅಂಗಡಿ, ಹಾಗಾಗಿ ಎಲ್ಲರಿಗೂ ಟೈಲರಮ್ಮ. ಕುತ್ತಿಗೆಯಲ್ಲಿ ಅಳತೆ ಟೇಪು ಜೋತಾಡುತ್ತಿತ್ತು.

"ಏ ಹುಡುಗಿ, ನಿನ್ ಡಬ್ಬಿ ಆಗ್ಲಿಂದ ಒಂದೇ ಕಡೆ ಸಿಕ್ಕಾಕೊಂಡಿದೆ. ಒಂದು ಸಲ ತಟ್ಟಬಾರ್ದಾ?"

ಇದು ಇರುವುದೇ ಹೀಗೆ ಅಂದರೆ ನಂಬಲಿಲ್ಲ, ತಾವೇ ತಟ್ಟಿ ನೋಡಿದರು. ಆಮೇಲೆ ಮಂಚದ ತುದಿಗೆ ಕೂತು, ಬಟ್ಟೆಯ ಗುಣ ನೋಡುವವರ ಹಾಗೆ ತಲೆ ವಾಲಿಸಿ ಕೇಳಿದರು. ಪರದೆಯ ಅಂಚು ಹೊಲಿಯುವಾಗ ಹೀಗೇ, ಎಷ್ಟು ಹೊಲಿದರೂ ಮುಗಿಯುವುದಿಲ್ಲ, ನಿದ್ದೆ ಬರುತ್ತದೆ ಅಂದರು. ಅಂದವರು ಅಲ್ಲೇ ಗೋಡೆಗೊರಗಿ ನಿದ್ದೆ ಹೋದರು. ಎಚ್ಚರಾದಾಗ ಕೇಳಿದ ಮೊದಲ ಮಾತು, ರಿಪೇರಿಯಾಯಿತಾ ಅಂತ. ನಗು ಬಂತು, ಆದರೆ ಬಾಯಿ ಅರೆತೆರೆದು ಮಲಗಿದ್ದ ಅವರನ್ನು ನೋಡುತ್ತ ನಿನ್ನದೇ ನೆನಪಾಗಿತ್ತು. ನೀನು ಹಾಗೆ ಮಲಗಿ ಎಷ್ಟು ಕಾಲವಾಯಿತೋ.

ಪುಸ್ತಕದ ವಿಷಯ ಹೇಳಲೇಬೇಕು. ನಡುಗಡ್ಡೆಯ ದೀಪಸ್ತಂಭದಲ್ಲಿ ಒಬ್ಬನೇ ಇರುವ ಕಾವಲುಗಾರನ ಕಾದಂಬರಿ. ಅದರಲ್ಲಿ ಅವನು ಮೆಟ್ಟಿಲು ಹತ್ತಿ ಮೇಲೆ ನಿಂತು ಸುತ್ತ ನೋಡುತ್ತಾನೆ. ಆಗ ಹೀಗೆ ಅಚ್ಚಾಗಿದೆ: "ಎತ್ತ ನೋಡಿದರೂ ಕಡಲೆ." ಕಡಲೇ ಅಂತ ಇರಬೇಕಾದದ್ದು! ಒಂದು ದೀರ್ಘ ಬಿಟ್ಟುಹೋಗಿ ಪಾಪ ಆ ಮನುಷ್ಯ ಕಡಲೆ ರಾಶಿಯ ಮಧ್ಯೆ ಒಂಟಿಯಾಗಿ ನಿಂತಿದ್ದಾನೆ. ತಮಾಷೆಯೆಂದರೆ ಮೊದಲ ಸಲ ನಾನೂ ಕಡಲೇ ಅಂತಲೇ ಓದಿಕೊಂಡು ಮುಂದೆ ಹೋಗಿದ್ದೆ. ಅಪ್ಪ ಪ್ರೆಸ್ಸಿನಿಂದ ಕರಡು ಹಾಳೆಗಳನ್ನು ಮನೆಗೆ ತಂದು ತಿದ್ದುವಾಗ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳುತ್ತಿದ್ದರಲ್ಲ, "ಕಣ್ಣನ್ನ ನಂಬಬೇಡಿ ಕಣ್ರೇ. ಅದು ಇರೋದನ್ನ ಓದಲ್ಲ, ತನಗೆ ಬೇಕಾದ್ದನ್ನ ಓದ್ಕೊಳ್ಳುತ್ತೆ."

ತಡೆಯಲಾಗದೆ ಫೋನ್ ಮಾಡಿದೆ. ನೀನು ಬಟ್ಟೆ ಒಣಹಾಕಲು ಹೋಗಿದ್ದೆಯಂತೆ, ಅವರೇ ಎತ್ತಿದರು. ಯಾರು ಏನು ಅಂತ ಹೇಳದೆ ನೇರವಾಗಿ ಆ ಸಾಲು ಓದಿದೆ. ಇನ್ನೊಂದು ಸಲ ಓದಿಸಿಕೊಂಡರು. ಆಮೇಲೆ ಅಂದರು: "ಕಡಲೆ ಜೊತೆ ದೀರ್ಘಾನೂ ತಿಂದ್ಬಿಟ್ಟಿದಾರೆ."

ಅಕ್ಕ, ಅದೇ ನಗು. ಕೊನೆಯಲ್ಲಿ ಕೆಮ್ಮು ಬರುತ್ತದಲ್ಲ, ಆ ಹಳೆಯ ನಗು. ನೀನು ಕೇಳಬೇಕಿತ್ತು. ನನ್ನ ಹುಷಾರಿತನವನ್ನು ಹೊಗಳಿದರು ಕೂಡ. ಫೋನ್ ಇಟ್ಟ ಮೇಲೆ ಸುಮಾರು ಹೊತ್ತು ಬಕೆಟ್ಟಿನಲ್ಲೇ ಕಾಲು ಇಟ್ಟುಕೊಂಡು ಕೂತಿದ್ದೆ. ನೀರು ಬೆಚ್ಚಗಾಗಿತ್ತು. ಪಿಯಾನೊ ತನ್ನ ಪಾಡಿಗೆ ನಡೆದಿತ್ತು.

ಶನಿವಾರ ಬರುತ್ತಿದ್ದೇನೆ. ಲೈಬ್ರರಿಯಲ್ಲಿ ಹೇಳಿಯಾಗಿದೆ ಅಂದುಕೋ, ನಾಳೆ ಹೇಳುತ್ತೇನೆ. ನೀನು ನಿನ್ನ ಚೀಲ ಕಟ್ಟಿಡು. ಆ ಕಾದಂಬರಿಯನ್ನೂ ತರುತ್ತೇನೆ, ತಪ್ಪುಗಳಿಗೆ ಬರವಿಲ್ಲ, ರಜೆಗೆಲ್ಲ ಸಾಕಾಗುತ್ತದೆ. ಪೆನ್ಸಿಲ್ಲಿನಲ್ಲೇ ತಿದ್ದಬೇಕು ಅಂತ ಅಪ್ಪನಿಗೆ ಹೇಳಬೇಕು, ಇಲ್ಲದಿದ್ದರೆ ಲೈಬ್ರರಿಯವರು ನನ್ನನ್ನು ಹಿಡಿದು ತಿದ್ದುತ್ತಾರೆ.

ಮಾತ್ರೆ, ಔಷಧಿ, ಅವರು ಕೇಳುವ ಪ್ರಶ್ನೆ, ನೀನು ಹೇಳುವ ಉತ್ತರ, ಎಲ್ಲ ನಾನು ಬಂದಾಗ ಬಾಯಲ್ಲೇ ಹೇಳಿಕೊಡು. ನಿನಗೆ ಒಳ್ಳೆಯ ಹಾಸಿಗೆ ಸಿಗಲಿ, ಯಾರೂ ಎಬ್ಬಿಸದಿರಲಿ. ತಂಗಿಯ ಹಾರೈಕೆಯೂ ಅಕ್ಕನಿಗೆ ತಗಲುತ್ತದೆ ಅಂತ ನಂಬಿದ್ದೇನೆ.

ನಿನ್ನ
ಪುಟ್ಟಿ

ತಾ.ಕ.: ಹೊಗಳಿದರು ಅಂತ ಬರೆದೆ, ಏನಂತ ಅಂದರೆಂದು ಬರೆಯಲಿಲ್ಲ. "ಚೆನ್ನಾಗಿ ಹಿಡಿದಿದೀರಿ. ನೀವು ಯಾವ ಪ್ರೆಸ್ಸಿನವರು?" ಅಂದರು. ತಮಾಷೆ ಅಂದುಕೊಂಡೆ. ಆಮೇಲೆ ನೆನಪಾಯಿತು, ಹಿಂದಿನ ಸಲ ಫೋನ್ ಇಡುವಾಗ ಅವರು ಹೇಳಿದ್ದು "ಹುಷಾರಾಗಿರಿ" ಅಂತ. ನನ್ನ ಕಿವಿ ತನಗೆ ಬೇಕಾದ ಹಾಗೆ "ಹುಷಾರಾಗಿರು" ಅಂತ ಕೇಳಿಸಿಕೊಂಡಿತ್ತು. ಆ ಕಿವಿಯನ್ನು ಪೂರ್ತಿ ನಂಬಿದ್ದರೆ ನಿನಗೆ ಉತ್ತರ ಬರೆಯಲು ಇಷ್ಟು ಹೆದರುತ್ತಿರಲಿಲ್ಲ. ಪುಟ್ಟಿ ಎಲ್ಲಿ ಅಂತ ಅವರು ಕೇಳುವುದು ನಿಜವಿರಬಹುದು, ಆದರೆ ಅವರು ಹುಡುಕುತ್ತಿರುವ ಪುಟ್ಟಿ ನಾನಲ್ಲ.

"ನಿಮ್ಮ ಪ್ರೆಸ್ಸಿನವಳೇ ಸಾರ್" ಅಂದೆ. ಎಷ್ಟು ಖುಷಿಪಟ್ಟರು ಗೊತ್ತಾ. ಕೆಲಸ ಇದ್ದರೆ ಮನೆಗೇ ತನ್ನಿ, ಕೂತು ನೋಡೋಣ ಅಂದರು. ಶನಿವಾರ ಬಾಗಿಲಲ್ಲಿ ನನ್ನನ್ನು ನೋಡಿ ಅವರು "ಬನ್ನಿ, ಕೂತ್ಕೊಳ್ಳಿ" ಅಂದರೆ, ಅಕ್ಕ, ನೀನು ತಿದ್ದಬೇಡ.