ತಂಬಾಕಿಲ್ಲದ ಕೋಣೆ

ಜನವರಿ 6, ಮಂಗಳವಾರ

ಚಿಕ್ಕೋಡಿ ಮೀಟಿಂಗ್ ಮುಗಿಸಿ ನಿಪ್ಪಾಣಿ ಆಸ್ಪತ್ರೆಗೆ ಬರುವಷ್ಟರಲ್ಲಿ ಸಾಕುಸಾಕಾಗಿತ್ತು. ಕೋಣೆಯ ಹೊರಗೆ ಫರಹತ, ಜೊತೆಗೆ ನಾದಿನಿ. ಬೀಡಿ ಕಟ್ಟುವ ಮನೆ. ಗಂಡ ಸಾದಿಕ ಹೈವೇಯಲ್ಲಿ ಬೈಕ್ ಅಪಘಾತದಲ್ಲಿ ಹೋಗಿ ಆರು ತಿಂಗಳು. ಅತ್ತಿಲ್ಲ. ನಿದ್ದೆ ಇಲ್ಲ. "ನಾನೂ ಹೊಕ್ಕೀನಿ ಅಂತಾಳ್ರಿ" — ನಾದಿನಿ. ಡಾಕ್ಟರ್ ಮಾತ್ರೆ ಬರೆದಿದ್ದಾರೆ. ಆಪ್ತಸಮಾಲೋಚಕಿ ಅಂತ ಮಾತಾಡಿಸುವುದು ನನ್ನ ಪಾಲಿಗೆ.

ಅರ್ಧ ಗಂಟೆ ಮೇಜು ನೋಡುತ್ತ ಕೂತಳು. ಬೆರಳು ಮಾತ್ರ ದುಪಟ್ಟಾದ ಅಂಚು ಸುತ್ತುವುದು, ಬಿಚ್ಚುವುದು. ಕೊನೆಗೆ — "ಬರೇ ಕೈಲೆ ಕುಂತು ಮಾತಾಡಾಕ ಬರೂದಿಲ್ರಿ."

ಜನವರಿ 13

ಬೀಡಿ ಎಲೆ, ತಂಬಾಕು ಹಾಕಿಕೊಂಡು ಮೊರ ತಂದಿದ್ದಳು. ನಾನೇ ತಾ ಅಂದಿದ್ದೆ. ಎಲೆ ಸುತ್ತುತ್ತ ಮಗಳ ಶಾಲೆ, ಅಡುಗೆ... ನಾಲ್ಕು ಮಾತು ಬಂತು. ಅಷ್ಟರಲ್ಲಿ ಆಸ್ಪತ್ರೆಯ ದೊಡ್ಡ ಸಾಹೇಬರು ಬಂದರು. "ತಂಬಾಕು ಮುಕ್ತ ವಲಯ ಅಂತ ಬೋರ್ಡ್ ಕಾಣೂದಿಲ್ಲೇನ್ರಿ?"

ಕಾಣುತ್ತದೆ ಮಾರಾಯರೇ. ಅಂಟಿಸಿದ್ದೇ ನಾನು. ಫರಹತ ಮೊರ ಎತ್ತಿಕೊಂಡು ಹೋದಳು.

ಜನವರಿ 27

ಎರಡು ವಾರ ಬರಲಿಲ್ಲ. ಫೋನ್ ಎತ್ತಿದಳು, ಪುಣ್ಯ. ಮನೆಗೆ ಬರುತ್ತೇನೆ ಅಂದೆ.

"ಆಸ್ಪತ್ರಿ ಜೀಪ್ ತರಬ್ಯಾಡ್ರಿ. ಓಣ್ಯಾಗ ಹುಚ್ಚಿ ಅಂತಾರ."

ಮತ್ತೆ ಏನಂತ ಬರಲಿ?

"...ಬೀಡಿ ಕಲಿಯಾಕ ಬರ್ರಿ."

ಫೆಬ್ರುವರಿ 5, ಗುರುವಾರ

ಬಸ್ಸಿನಲ್ಲಿ ಹೋದೆ. ಪಡಸಾಲೆ ತುಂಬ ಹೆಂಗಸರು, ಮಡಿಲಲ್ಲಿ ಒಂದೊಂದು ಮೊರ. ಫರಹತಳ ಅತ್ತೆ ಫಾತಿಮಾ ನಾನು ಕಟ್ಟಿದ ಬೀಡಿ ಎತ್ತಿ ತೋರಿಸಿದಳು. "ಅಯ್ಯ ಪ್ರಾಜಕ್ತಾಬಾಯಿ, ನಿಮ್ಮ ಬೀಡಿಗೆ ಹೊಟ್ಟಿ ಬಂದೈತಲ್ರಿ!" ಎಲ್ಲರೂ ನಕ್ಕರು. ಫರಹತಳೂ, ತುಸು. ನಾನು ಏನೂ ಕೇಳಲಿಲ್ಲ. ಬೆನ್ನು ಹಿಡಿದುಕೊಂಡಿದೆ.

ಫೆಬ್ರುವರಿ 12

ಇವತ್ತು ಫರಹತ, ಫಾತಿಮಾ, ನಾನು — ಮೂವರೇ. ಫರಹತ ತಲೆ ಎತ್ತದೆ, ದಾರ ಸುತ್ತುತ್ತಲೇ ಹೇಳಿದಳು. "ಆವತ್ತ ಜಗಳಾಗಿತ್ತು. ಸಿಟ್ಟಿಲೆ ತಾಟ ಎತ್ತಿಟ್ಟೆ. ಹಸದ ಹೊಟ್ಟಿಲೆ ಹೋದ್ರು ಅವರು. ಹಸದ ಸತ್ತರು." ಕಣ್ಣೀರು ತಂಬಾಕಿನ ಮೇಲೆ ಬೀಳುತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ.

ಫಾತಿಮಾಳ ಕೈ ನಿಂತಿತು. ಬೈಯುತ್ತಾಳೇನೋ ಅಂದುಕೊಂಡೆ.

"ಹಸದ ಹೋಗಿಲ್ಲ ಬೇ. ಹಿತ್ತಲದಾಗ ನಾ ಎರಡು ರೊಟ್ಟಿ ತಿನಿಸಿ ಕಳಿಸಿದ್ದೆ. ನಿನಗ ಹೇಳಬ್ಯಾಡ ಅಂದಿದ್ದ."

ಒಂದೇ ಮನೆ. ಆರೇಳು ತಿಂಗಳು. ಅಯ್ಯೋ ದೇವರೇ.

ಫರಹತ ಮೊರ ಕೆಳಗಿಟ್ಟು ಅತ್ತೆಯ ಮಡಿಲಿಗೆ ಬಿದ್ದಳು. ನಾನೂ ಅತ್ತುಬಿಟ್ಟೆ.

ಫೆಬ್ರುವರಿ 13

ಬೆಳಿಗ್ಗೆ ಹತ್ತಕ್ಕೆ ನಾದಿನಿಯ ಫೋನ್. ಏನಾಯಿತೋ ಅಂತ ಓಡಿ ಎತ್ತಿದೆ.

"ಇನ್ನೂ ಎದ್ದಿಲ್ರಿ ಮ್ಯಾಡಂ. ಗೊರಕಿ ಹೊಡ್ಯಾಕತ್ತಾಳ. ಎಬ್ಬಸ್ಲೇನ್ರಿ?"

ಬೇಡ ತಾಯಿ, ಮಲಗಲಿ. ನನಗೂ ಈಗ ಕಣ್ಣು ಎಳೆಯುತ್ತಿದೆ...